ನ್ವೋಯೆಯಿಂದ ಇಸಾಕನವರೆಗೆ: ಚಿನುವ ಅಚಿಬೆಯ ಕಾದಂಬರಿಗಳಲ್ಲಿ ಮಿಷನ್ ಶಾಲೆ

ಕಡಲಾಚೆಯಿಂದ ಬಂದ ಪಾದ್ರಿಯೊಬ್ಬ ಸುಡುಬಿಸಿಲಿನ ಬಡನಾಡಿನಲ್ಲಿ ಹುಲ್ಲು ಹೊದಿಸಿದ ಶಾಲೆಯೊಂದನ್ನು ತೆರೆದು, ಚಳಿಜ್ವರದಲ್ಲಿ ನರಳುತ್ತಲೇ ಮಕ್ಕಳಿಗೆ ಅಕ್ಷರ ತಿದ್ದಿಸುವ ಚಿತ್ರ ಯೂರೋಪಿನ ಓದುಗರಿಗೆ ಬಹುಕಾಲದಿಂದ ಪರಿಚಿತವಾದುದು. ಮಿಷನ್ ಸಂಸ್ಥೆಗಳ ವರದಿಗಳು, ಪಾದ್ರಿಗಳು ತಾಯ್ನಾಡಿಗೆ ಬರೆದ ಪತ್ರಗಳು, ಅವರು ತೀರಿಕೊಂಡ ಮೇಲೆ ಬಂಧುಗಳು ಅಚ್ಚುಹಾಕಿಸಿದ ಚರಿತ್ರೆಗಳು ಆ ಚಿತ್ರವನ್ನು ಮತ್ತೆ ಮತ್ತೆ ಬರೆದಿವೆ. ಅದರಲ್ಲಿ ಸುಳ್ಳಿದೆಯೆಂದು ಹೇಳಲಾಗದು. ಜ್ವರ ನಿಜ, ಬಡತನ ನಿಜ, ತ್ಯಾಗವೂ ಬಹುಮಟ್ಟಿಗೆ ನಿಜವೇ. ಆದರೆ ಆ ಚಿತ್ರದ ನಟ್ಟನಡುವೆ ನಿಂತವನು ಪಾದ್ರಿ. ಅವನ ಮುಂದೆ ನೆಲದ ಮೇಲೆ ಕುಳಿತ ಮಕ್ಕಳಿಗೆ ಮುಖವಿಲ್ಲ. ಅವರು ಯಾರ ಮಕ್ಕಳು, ಏಕೆ ಬಂದರು, ಮನೆಯಲ್ಲಿ ಏನು ಹೇಳಿ ಬಂದರು, ಸಂಜೆ ಮರಳಿದಾಗ ತಂದೆಯ ಮುಖವನ್ನು ಹೇಗೆ ನೋಡಿದರು ಎಂಬುದನ್ನು ವರದಿಗಳು ಹೇಳುವುದಿಲ್ಲ.

ಹಾಗೆ ನೆಲದ ಮೇಲೆ ಕುಳಿತು ಕಲಿತವನೊಬ್ಬನ ಮಗ ಮುಂದೆ ಲೇಖನಿ ಹಿಡಿದು ಆ ಚಿತ್ರವನ್ನು ಎದುರು ದಿಕ್ಕಿನಿಂದ ಬರೆದನು. ನೈಜೀರಿಯದ ಇಗ್ಬೊ ಜನಾಂಗಕ್ಕೆ ಸೇರಿದ ಚಿನುವ ಅಚಿಬೆ (1930–2013) ಅವರ ತಂದೆ ಇಸಾಯ ಅಚಿಬೆ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಉಪದೇಶಿಯಾಗಿ, ಶಾಲೆಯ ಶಿಕ್ಷಕರಾಗಿ ಊರೂರು ತಿರುಗಿದವರು. ಮಗನಿಗೆ ಅವರು ಇಟ್ಟ ದೀಕ್ಷಾನಾಮ ಆಲ್ಬರ್ಟ್, ವಿಕ್ಟೋರಿಯ ರಾಣಿಯ ಪತಿಯ ಹೆಸರು. ವಿಶ್ವವಿದ್ಯಾಲಯಕ್ಕೆ ಹೋದಮೇಲೆ ಮಗ ಆ ಹೆಸರನ್ನು ಬಿಟ್ಟುಕೊಟ್ಟ; ತಂದೆಯ ಜೀವನವನ್ನು ಮಾತ್ರ ಬಿಟ್ಟುಕೊಡಲಿಲ್ಲ. 1958ರ ‘ಥಿಂಗ್ಸ್ ಫಾಲ್ ಅಪಾರ್ಟ್’, 1960ರ ‘ನೋ ಲಾಂಗರ್ ಅಟ್ ಈಸ್’, 1964ರ ‘ಆ್ಯರೋ ಆಫ್ ಗಾಡ್’ ಈ ಮೂರು ಕಾದಂಬರಿಗಳನ್ನು ಒಂದರ ಪಕ್ಕಕ್ಕೊಂದಿಟ್ಟು ಓದಿದರೆ, ಅವುಗಳಲ್ಲಿ ಎರಡು ಸಂಸ್ಕೃತಿಗಳ ಘರ್ಷಣೆಯೆಂಬ ಸವೆದ ಮಾತಿಗಿಂತ ಸೂಕ್ಷ್ಮವಾದ ವಸ್ತುವೊಂದು ಕಾಣುತ್ತದೆ. ಅದು ಮಿಷನ್ ಶಾಲೆಯಲ್ಲಿ ಕಲಿತು, ಮಿಷನ್ ಶಾಲೆಯಲ್ಲಿಯೇ ಕಲಿಸಿದ ಒಬ್ಬ ಮನುಷ್ಯನ ಬಾಳು.

ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ನೆನೆಯಬೇಕಾಗುತ್ತದೆ. ಪಶ್ಚಿಮ ಆಫ್ರಿಕದ ಕರಾವಳಿಗೆ ಬಿಳಿಯರ ಸಮಾಧಿಯೆಂಬ ಹೆಸರು ಸುಮ್ಮನೆ ಬಂದುದಲ್ಲ. ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾದ ತೀರಕ್ಕೆ ಕಳುಹಿಸಿದ ಮೊದಲ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಉಳಿದ ಒಬ್ಬನೂ ಪೂರ್ತಿ ಮೂರು ವರ್ಷ ಬಾಳಲಿಲ್ಲ. 1841ರಲ್ಲಿ ನೈಜರ್ ನದಿಯನ್ನೇರಿ ಹೊರಟ ಬ್ರಿಟಿಷರ ದೊಡ್ಡ ದಂಡಯಾತ್ರೆ ಜ್ವರಕ್ಕೆ ಬಲಿಯಾಗಿ ಹಿಂದಿರುಗಿತು. 1854ರ ಯಾತ್ರೆಯಲ್ಲಿ ಕ್ವಿನೈನನ್ನು ನಿಯಮದಂತೆ ಸೇವಿಸಿದ ಮೇಲೆಯೇ ಬಿಳಿಯರು ಆ ನದಿಯಲ್ಲಿ ಸಾಯದೆ ಮರಳುವುದು ಸಾಧ್ಯವೆಂದು ತಿಳಿದದ್ದು. ಹೀಗಾಗಿ ಇಗ್ಬೊ ನಾಡಿನ ಒನಿಚ ಪಟ್ಟಣದಲ್ಲಿ 1857ರಲ್ಲಿ ಮಿಷನ್ ನೆಲೆಯೂರಿದಾಗ ಅದರ ಮುಂದಾಳು ಬಿಳಿಯನಾಗಿರಲಿಲ್ಲ. ಬಾಲ್ಯದಲ್ಲಿ ಗುಲಾಮನಾಗಿ ಮಾರಲ್ಪಟ್ಟು, ಹಡಗಿನಿಂದ ಬಿಡುಗಡೆ ಹೊಂದಿ, ಸಿಯೆರಾ ಲಿಯೋನಿನಲ್ಲಿ ಓದಿದ ಯೊರುಬ ಜನಾಂಗದ ಸ್ಯಾಮುವೆಲ್ ಅಜಾಯಿ ಕ್ರೌದರ್ ಅದರ ನಾಯಕ. ಅವನ ಜೊತೆಯಲ್ಲಿ ಒನಿಚದಲ್ಲಿ ನಿಂತ ಟೇಲರ್ ಕೂಡ ಇಗ್ಬೊ ತಂದೆತಾಯಿಗಳ ಮಗ. ಮುಂದೆ ಬಿಳಿಯ ಪಾದ್ರಿಗಳ ಸಂಖ್ಯೆ ಹೆಚ್ಚಿದರೂ ಹಳ್ಳಿಯ ಶಾಲೆಯಲ್ಲಿ ದಿನವೂ ಗಂಟೆ ಬಾರಿಸಿ ಪಾಟಿಯ ಮೇಲೆ ಅಕ್ಷರ ಬರೆಯಿಸಿದವನು ಕರಿಯ ಉಪದೇಶಿಯೇ. ಪಾದ್ರಿ ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಬಂದು ನೋಡಿ ಹೋಗುವ ದೊರೆ.

ಅಚಿಬೆ ಈ ಸತ್ಯವನ್ನು ಬಲ್ಲವರು. ಅವರ ಮೊದಲ ಕಾದಂಬರಿಯಲ್ಲಿ ಮ್ಬಾಂಟ ಎಂಬ ಊರಿಗೆ ಬರುವ ಬಿಳಿಯನು ಒಂದು ಅಧ್ಯಾಯದಲ್ಲಿ ಮಾತನಾಡಿ ಹೊರಟುಹೋಗುತ್ತಾನೆ. ಉಳಿಯುವವನು ಅವನ ದುಭಾಷಿ ಕಿಯಾಗ. ಕಾದಂಬರಿಯ ಅತ್ಯಂತ ಕಠಿನ ನಿರ್ಣಯಗಳನ್ನು ಕೈಗೊಳ್ಳಬೇಕಾಗಿ ಬರುವುದು ಈ ಸಾಮಾನ್ಯನಿಗೆ. ಊರಿನ ಹಿರಿಯರು ಹಾಸ್ಯಕ್ಕಾಗಿ ಹೊಸಬರಿಗೆ ದುಷ್ಟಾರಣ್ಯದ ಜಾಗವನ್ನು ಕೊಟ್ಟು, ನಾಲ್ಕು ದಿನದಲ್ಲಿ ಸಾಯುತ್ತಾರೆಂದು ಕಾಯುತ್ತಾರೆ. ಯಾರೂ ಸಾಯುವುದಿಲ್ಲ. ಆಮೇಲೆ ಬರುವವರು ಊರಿಗೆ ಬೇಡವಾದವರು. ನಾಲ್ಕು ಸಲ ಅವಳಿ ಮಕ್ಕಳನ್ನು ಹೆತ್ತು, ನಾಲ್ಕು ಸಲವೂ ಆ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರಬೇಕಾಗಿ ಬಂದ ಬಸುರಿ ಹೆಂಗಸೊಬ್ಬಳು ಬರುತ್ತಾಳೆ. ಬಳಿಕ ‘ಒಸು’ಗಳು ಬರುತ್ತಾರೆ. ದೇವತೆಗೆ ಅರ್ಪಿತರಾದವರೆಂಬ ಕಾರಣಕ್ಕೇ ಊರಿನ ಬಾಳಿನಿಂದ ಹೊರಗಿಡಲ್ಪಟ್ಟು, ಕ್ಷೌರ ಮಾಡಿಸುವ ಹಕ್ಕಿಲ್ಲದೆ, ಹೊರಗಿನವರೊಡನೆ ಕೊಡುಕೊಳುಗೆಯಿಲ್ಲದೆ, ಸತ್ತಮೇಲೂ ಬೇರೆಯೇ ಹೂಳಲ್ಪಡುವ ಕುಲದವರು ಅವರು. ಅವರನ್ನು ಒಳಗೆ ಬಿಟ್ಟರೆ ಉಳಿದವರು ಹೊರಡುವುದಾಗಿ ಬೆದರಿಸುತ್ತಾರೆ. ಕಿಯಾಗ ಅಲುಗುವುದಿಲ್ಲ. ಬೆಳೆದ ಜಡೆಯನ್ನು ಬೋಳಿಸಿಕೊಂಡು ಬನ್ನಿರೆನ್ನುತ್ತಾನೆ. ಅವರು ನಡುಗುತ್ತ ಬೋಳಿಸಿಕೊಳ್ಳುತ್ತಾರೆ. ಕುಲದ ಪ್ರಶ್ನೆಯನ್ನು ಎಂಟು ಶತಮಾನಗಳ ಹಿಂದೆಯೇ ಬೀದಿಯಲ್ಲಿ ನಿಂತು ಕೇಳಿದ ನಾಡಿನ ಓದುಗನಿಗೆ ಈ ಪುಟಗಳು ಬೇರೆ ಯಾವ ಟೀಕೆಯನ್ನೂ ಬೇಡುವುದಿಲ್ಲ.

ಆದರೆ ಈ ಕಾದಂಬರಿಯ ಹೃದಯವಿರುವುದು ಕಿಯಾಗನಲ್ಲಲ್ಲ, ನಾಯಕ ಒಕೊಂಕ್ವೊನ ಹಿರಿಯ ಮಗ ನ್ವೋಯೆಯಲ್ಲಿ. ತಂದೆಗೆ ಈ ಮಗನಲ್ಲಿ ಕಾಣುವುದು ಹೆಣ್ಣಿಗತನ. ಮಗ ತಂದೆ ಹೇಳುವ ಯುದ್ಧದ, ರಕ್ತದ ಕಥೆಗಳನ್ನು ಮೆಚ್ಚಿದವನಂತೆ ನಟಿಸುತ್ತಾನೆ. ಒಳಗೊಳಗೆ ಅವನಿಗೆ ಬೇಕಾದುವು ತಾಯಿ ಹೇಳುತ್ತಿದ್ದ ಆಮೆಯ, ಹಕ್ಕಿಯ, ಭೂಮಿ ಆಕಾಶಗಳ ಜಗಳದ ಕಥೆಗಳು. ಮೂರು ವರ್ಷ ಮನೆಯಲ್ಲಿ ಅಣ್ಣನಂತೆ ಬೆಳೆದ ಒತ್ತೆಯ ಹುಡುಗ ಇಕೆಮೆಫುನನನ್ನು ದೈವವಾಣಿಯ ಮಾತಿನಂತೆ ಕೊಂದ ದಿನ, ಕೊಲೆಯಲ್ಲಿ ತಂದೆಯ ಕೈಯೂ ಇತ್ತೆಂಬುದು ಹೇಳದೆಯೇ ನ್ವೋಯೆಗೆ ತಿಳಿಯುತ್ತದೆ. ಅಂದು ಅವನೊಳಗೆ ಏನೋ ಕಳಚಿ ಬೀಳುತ್ತದೆ. ಕಾಡಿನಲ್ಲಿ ಬಿಟ್ಟ ಅವಳಿ ಶಿಶುಗಳ ಅಳುವನ್ನು ಕೇಳಿದಾಗಲೂ ಹೀಗೆಯೇ ಆಗಿತ್ತು. ಇದಕ್ಕೆ ಉತ್ತರ ಹೇಳುವವರು ಊರಿನಲ್ಲಿ ಯಾರೂ ಇಲ್ಲ. ಅದು ಪ್ರಶ್ನೆಯೆಂಬುದೂ ಯಾರಿಗೂ ಹೊಳೆದಿಲ್ಲ. ಪಾದ್ರಿಯ ಜನ ಬಂದು, ಕತ್ತಲೆಯಲ್ಲಿ ಹೆದರಿ ಕುಳಿತ ಸಹೋದರರ ಬಗೆಗಿನ ಹಾಡೊಂದನ್ನು ಹಾಡಿದಾಗ ಹುಡುಗನ ಒಣಗಿದ ಎದೆಗೆ ಮಳೆಹನಿ ಬಿದ್ದಂತಾಗುತ್ತದೆ. ತ್ರಿಮೂರ್ತಿ ತತ್ತ್ವದ ತರ್ಕ ಅವನಿಗೆ ಅರ್ಥವಾಗಿಲ್ಲವೆಂಬುದನ್ನು ಅಚಿಬೆ ಮುಚ್ಚಿಡುವುದಿಲ್ಲ. ಅವನನ್ನು ಸೆಳೆದದ್ದು ಸಿದ್ಧಾಂತವಲ್ಲ, ಹಾಡಿನ ಕಾವ್ಯ. ಧರ್ಮವನ್ನು ಬಿಟ್ಟುಹೋಗುವವರ ಬಗ್ಗೆ ಬರೆಯುವಾಗ ಲೇಖಕರು ಸಾಮಾನ್ಯವಾಗಿ ಆಸೆಯನ್ನೋ ಅಂಜಿಕೆಯನ್ನೋ ಕಾರಣವಾಗಿ ಹೇಳಿ ಮುಗಿಸುತ್ತಾರೆ. ಇಲ್ಲಿ ಕಾರಣವಾಗಿರುವುದು ಮನೆಯಲ್ಲಿಯೇ ಆದ ಗಾಯ. ಬೇರೆಯವರ ಹಾಡು ಆ ಗಾಯವನ್ನು ಮುಟ್ಟಿತು, ಅಷ್ಟೆ.

ಆ ಹಾಡಿನ ಬಗ್ಗೆ ಅಚಿಬೆಯವರ ಮನೆತನದಲ್ಲಿ ಇನ್ನೊಂದು ನೆನಪೂ ಇತ್ತು. ತಂದೆಯನ್ನು ಸಾಕಿದ ಸೋದರಮಾವ ಊರಿನ ಪ್ರತಿಷ್ಠಿತ. ಮೊದಲು ಬಂದ ಪಾದ್ರಿಗಳಿಗೆ ತನ್ನ ಅಂಗಳದಲ್ಲಿ ಜಾಗ ಕೊಟ್ಟವನು. ಕೆಲವು ದಿನಗಳ ಮೇಲೆ ಆತ ಅವರನ್ನು ಬೇರೆಡೆಗೆ ಕಳುಹಿಸಿದನಂತೆ. ಕಾರಣ ಮತದ್ವೇಷವಲ್ಲ. ಅವರ ಹಾಡು ಅಷ್ಟೊಂದು ಶೋಕದ್ದಾಗಿತ್ತು. ನೆರೆಹೊರೆಯವರು ತನ್ನ ಮನೆಯಲ್ಲಿ ಸಾವಾಗಿದೆಯೆಂದು ತಿಳಿದಾರೆಂದು ಅವನ ಹೆದರಿಕೆ. ಒಂದೇ ಹಾಡು ಒಬ್ಬನಿಗೆ ಮಳೆ, ಇನ್ನೊಬ್ಬನಿಗೆ ಹೆಣದ ಮುಂದಿನ ಪದ.

ಹಾಡಿನಿಂದ ಒಲಿದವರು ಕೆಲವರು. ಶಾಲೆಯಿಂದ ಒಲಿದವರು ಬಹಳ ಮಂದಿ. ಉಮುವೋಫಿಯಕ್ಕೆ ಬಂದ ಬ್ರೌನ್ ಪಾದ್ರಿಯ ಚಿತ್ರಣದಲ್ಲಿ ಅಚಿಬೆ ಇದನ್ನು ನಾಲ್ಕೇ ಪುಟಗಳಲ್ಲಿ, ಲೆಕ್ಕ ಬರೆಯುವವನ ಸಾವಧಾನದಿಂದ ಹೇಳುತ್ತಾರೆ. ಬ್ರೌನ್ ಸೌಮ್ಯ ಸ್ವಭಾವದವನು. ಪಕ್ಕದ ಊರಿನ ಹಿರಿಯ ಅಕುನ್ನನ ಅಂಗಳದಲ್ಲಿ ಗಂಟೆಗಟ್ಟಲೆ ಕುಳಿತು ದೇವರ ವಿಷಯ ಚರ್ಚಿಸುತ್ತಾನೆ. ದೊಡ್ಡ ದೇವರೊಬ್ಬನಿದ್ದಾನೆ, ಬಿಳಿಯರ ರಾಣಿ ತಾನೇ ಬಾರದೆ ಕಮಿಷನರನನ್ನು ಕಳುಹಿಸಿದಂತೆ ಅವನು ಚಿಕ್ಕ ದೇವತೆಗಳನ್ನು ನೇಮಿಸಿದ್ದಾನೆ ಎಂಬುದು ಅಕುನ್ನನ ವಾದ. ಇಬ್ಬರೂ ಸೋಲುವುದಿಲ್ಲ, ಇಬ್ಬರಿಗೂ ಕೋಪ ಬರುವುದಿಲ್ಲ. ಈ ಮಾತುಕತೆಯಿಂದ ಬ್ರೌನ್ ಕಲಿತದ್ದೇನು? ಈ ಜನರ ಧರ್ಮವನ್ನು ಎದುರಿನಿಂದ ಮುತ್ತಿದರೆ ಗೆಲ್ಲಲಾಗದು ಎಂಬುದನ್ನು. ಅದಕ್ಕಾಗಿ ಅವನು ಒಂದು ಶಾಲೆಯನ್ನೂ ಒಂದು ಚಿಕ್ಕ ಆಸ್ಪತ್ರೆಯನ್ನೂ ಕಟ್ಟುತ್ತಾನೆ. ಕಾದಂಬರಿಕಾರರು ಎಲ್ಲಿಯೂ ದನಿಯೆತ್ತಿಲ್ಲ. ಆದರೆ ಸ್ನೇಹದ ಮಾತಿನ ಕೊನೆಯಲ್ಲಿ ಈ ತೀರ್ಮಾನವನ್ನಿಟ್ಟಿರುವ ರೀತಿಯಲ್ಲಿಯೇ ತೀರ್ಪು ಅಡಗಿದೆ.

ಶಾಲೆ ತುಂಬುವ ಬಗೆಯೂ ಅಷ್ಟೇ ನಿರ್ವಿಕಾರವಾಗಿ ಬಂದಿದೆ. ಬ್ರೌನ್ ಮನೆಮನೆಗೆ ಹೋಗಿ ಮಕ್ಕಳನ್ನು ಬೇಡುತ್ತಾನೆ. ಜನರು ಮೊದಲು ಕಳುಹಿಸುವುದು ಆಳುಗಳನ್ನು, ಇಲ್ಲವೆ ಹೊಲದ ಕೆಲಸಕ್ಕೆ ಬಾರದ ಸೋಮಾರಿ ಹುಡುಗರನ್ನು. ಆಗ ಪಾದ್ರಿ ಹೊಸ ಮಾತನ್ನು ತೆಗೆಯುತ್ತಾನೆ: ನಾಳೆ ಈ ನಾಡನ್ನು ಆಳುವವರು ಓದುಬರಹ ಬಲ್ಲವರು, ನಿಮ್ಮ ಮಕ್ಕಳು ಕಲಿಯದಿದ್ದರೆ ಬೇರೆ ಊರಿನವರು ಬಂದು ಆಳುತ್ತಾರೆ. ಅದಕ್ಕೆ ಸಾಕ್ಷಿ ಕಣ್ಣೆದುರಿಗೇ ಇದೆ. ಕಮಿಷನರನ ಕಚೇರಿಯಲ್ಲಿ ಅಧಿಕಾರ ನಡೆಸುತ್ತಿರುವ ಜವಾನರೂ ಗುಮಾಸ್ತರೂ ಹೊರಗಿನಿಂದ ಬಂದ ಕರಿಯರೇ. ಮಾತು ತಾಗುತ್ತದೆ. ಬಂದವರಿಗೆ ಬನಿಯನ್ನು, ಟವಲು ಇನಾಮು. ಮುಂಜಾನೆ ಹೊಲದಲ್ಲಿ ದುಡಿದು ಮಧ್ಯಾಹ್ನ ಪಾಟಿ ಹಿಡಿಯುವ ಮೂವತ್ತು ದಾಟಿದ ಗಂಡಸರೂ ಅವರಲ್ಲಿದ್ದಾರೆ. ಕೆಲವು ತಿಂಗಳು ಕಲಿತರೆ ಕಚೇರಿಯ ಜವಾನಿಕೆ ಅಥವಾ ಗುಮಾಸ್ತಿಕೆ. ಇನ್ನೂ ಕಲಿತರೆ ಮಾಸ್ತರಿಕೆ. ಮಾಸ್ತರರಾದವರು ಬೇರೆ ಊರಿಗೆ ಹೋಗಿ ಮತ್ತೊಂದು ಚರ್ಚು, ಮತ್ತೊಂದು ಶಾಲೆ. ಧರ್ಮ ಮತ್ತು ವಿದ್ಯೆ ಮೊದಲಿನಿಂದಲೂ ಕೈಹಿಡಿದು ನಡೆದುವೆಂದು ಅಚಿಬೆ ಹೇಳುವಾಗ, ಅವುಗಳ ನಡುವೆ ನಡೆದುಬಂದ ಮೂರನೆಯದಾದ ಕಚೇರಿಯನ್ನು ಓದುಗನೇ ಕಂಡುಕೊಳ್ಳಲೆಂದು ಬಿಟ್ಟಿದ್ದಾರೆ. ಇತಿಹಾಸವೂ ಇದನ್ನು ಪುಷ್ಟೀಕರಿಸುತ್ತದೆ. 1902ರಲ್ಲಿ ಅದೇ ನಾಡಿಗೆ ಬಂದ ಐರಿಷ್ ಕ್ಯಾಥೊಲಿಕ್ ಪಾದ್ರಿ ಜೋಸೆಫ್ ಶನಹನ್ ಶಾಲೆಯನ್ನೇ ತನ್ನ ಮುಖ್ಯ ಸಾಧನವನ್ನಾಗಿ ಮಾಡಿಕೊಂಡನು. ಊರಿಗೊಂದು ಶಾಲೆಗಾಗಿ ಮಿಷನ್ನು ಮಿಷನ್ನುಗಳ ನಡುವೆ ಸ್ಪರ್ಧೆಯೇ ನಡೆಯಿತು.

ಬ್ರೌನ್ ಪಾತ್ರದ ಬಗ್ಗೆ ಒಂದು ಆಕ್ಷೇಪವನ್ನು ಎತ್ತಬಹುದು. ಅವನ ಒಳಗು ಕಾದಂಬರಿಯಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಅವನು ಏನು ಉಂಡ, ರಾತ್ರಿ ಒಬ್ಬನೇ ಇದ್ದಾಗ ಏನನ್ನು ನೆನೆದ, ಆರೋಗ್ಯ ಕೆಟ್ಟು ಊರು ಬಿಡುವಾಗ ಅವನಿಗೆ ಏನನ್ನಿಸಿತು ಎಂಬ ಯಾವುದೂ ತಿಳಿಯುವುದಿಲ್ಲ. ಅವನ ಬಳಿಕ ಬರುವ ಸ್ಮಿತ್ ಪಾದ್ರಿಯಂತೂ ಬರಿಯ ಕರ್ಕಶತೆಯ ಗೊಂಬೆ. ಮಿಷನ್ ಸಾಹಿತ್ಯ ಕರಿಯರನ್ನು ಮುಖವಿಲ್ಲದವರನ್ನಾಗಿ ಮಾಡಿದ್ದಕ್ಕೆ ಇದು ಪ್ರತೀಕಾರವೆಂದು ಸಮಾಧಾನ ಹೇಳುವ ವಿಮರ್ಶಕರಿದ್ದಾರೆ. ಜಾಯ್ಸ್ ಕೇರಿಯ ‘ಮಿಸ್ಟರ್ ಜಾನ್ಸನ್’ (1939) ಕಾದಂಬರಿಯಲ್ಲಿ ನೈಜೀರಿಯದ ಗುಮಾಸ್ತನೊಬ್ಬನನ್ನು ಚಿತ್ರಿಸಿದ ಬಗೆಯಿಂದ ಕೆರಳಿಯೇ ತಾವು ಬರೆಯತೊಡಗಿದುದಾಗಿ ಅಚಿಬೆಯೇ ಹೇಳಿಕೊಂಡಿರುವುದುಂಟು. ಆದರೆ ಸೇಡು ಕಲೆಯ ಸಮರ್ಥನೆಯಾಗಲಾರದು. ದೋಷ ದೋಷವೇ. ಆದರೂ ಒಂದು ಪ್ರಸಂಗ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿಕೊಡುತ್ತದೆ. ಇಸಾಕನೆಂಬ ಹೊಸ ಹೆಸರು ಪಡೆದ ನ್ವೋಯೆಯನ್ನು ಉಮುರುವಿನ ಶಿಕ್ಷಕರ ತರಬೇತಿ ಶಾಲೆಗೆ ಕಳುಹಿಸಿದ ಬ್ರೌನ್, ಈ ಶುಭವಾರ್ತೆಯನ್ನು ತಿಳಿಸಿ ಸಂತೋಷಪಡಿಸಲೆಂದು ಒಕೊಂಕ್ವೊನ ಮನೆಗೆ ಹೋಗುತ್ತಾನೆ. ಒಕೊಂಕ್ವೊ ಅವನನ್ನು ಹೊರಗಟ್ಟಿ, ಮತ್ತೆ ಬಂದರೆ ಹೆಣವಾಗಿ ಹೊರಬೀಳುವೆಯೆಂದು ಎಚ್ಚರಿಸುತ್ತಾನೆ. ಈ ಜನರ ದೇವರ ಹೆಸರನ್ನು, ಆ ದೇವರ ಅಧಿಕಾರಕ್ರಮವನ್ನು ತಾಳ್ಮೆಯಿಂದ ಕೇಳಿ ತಿಳಿದ ಸಜ್ಜನನಿಗೆ, ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಮಗನ ಬಡ್ತಿಯ ಸುದ್ದಿಯನ್ನು ಹೇಳಬಾರದೆಂಬುದು ತಿಳಿದಿರಲಿಲ್ಲ. ಬ್ರೌನನ ಒಳ್ಳೆಯತನದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಈ ಅರ್ಧಪುಟ ತೋರಿಸಿದಷ್ಟು ದೀರ್ಘವಾದ ಮನೋವಿಶ್ಲೇಷಣೆಯೂ ತೋರಿಸಲಾರದು.

ಭಾಷೆಯ ವಿಷಯದಲ್ಲಿ ಅಚಿಬೆಯವರ ಹಾಸ್ಯ ನೆನಪಿನಲ್ಲಿ ನಿಲ್ಲುವಂಥದು. ಮ್ಬಾಂಟದಲ್ಲಿ ಬಿಳಿಯನ ದುಭಾಷಿ ಬೇರೆ ಸೀಮೆಯ ಇಗ್ಬೊ ಆಡುವವನು. ‘ನಾನೇ’ ಎಂದು ಹೇಳಹೋಗಿ ಪ್ರತಿ ಸಲವೂ ‘ನನ್ನ ಕುಂಡಿ’ ಎಂದುಬಿಡುತ್ತಾನೆ. ಜನ ನಗುತ್ತಾರೆ. ಈ ನಗೆಯ ಹಿಂದೆ ನಿಜವಾದ ಒಂದು ವ್ಯಾಜ್ಯವಿದೆ. ಆರ್ಚ್‌ಡೀಕನ್ ಡೆನ್ನಿಸ್ ಹಲವು ಸೀಮೆಗಳ ನುಡಿಗಳನ್ನು ಬೆರೆಸಿ ‘ಯೂನಿಯನ್ ಇಗ್ಬೊ’ ಎಂಬ ಭಾಷೆಯನ್ನು ನಿರ್ಮಿಸಿ, ಅದರಲ್ಲಿ 1913ರಲ್ಲಿ ಬೈಬಲನ್ನು ಹೊರತಂದನು. ಯಾರ ಮನೆಯಲ್ಲಿಯೂ ಆಡದ ಆ ನುಡಿ ಇಗ್ಬೊ ಬರವಣಿಗೆಯ ಉಸಿರುಕಟ್ಟಿಸಿತೆಂದು ಅಚಿಬೆ ಮುಪ್ಪಿನವರೆಗೂ ದೂರಿದರು.

ಇಲ್ಲಿ ಕನ್ನಡದ ಓದುಗನಿಗೆ ಬೇರೊಂದು ಅನುಭವ ನೆನಪಾಗುವುದು ಸಹಜ. ಘಾನಾದ ತೀರಕ್ಕೆ ಹೋದ ಅದೇ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ ಬಂದಿತು. 1853ರಲ್ಲಿ ಆ ಸಂಸ್ಥೆ ಕ್ರಿಸ್ತಾಲರ್ ಎಂಬ ತರುಣನನ್ನು ಆಫ್ರಿಕಕ್ಕೂ ಕಿಟೆಲ್ ಎಂಬ ತರುಣನನ್ನು ಕರ್ನಾಟಕಕ್ಕೂ ಕಳುಹಿಸಿತು. ಮೊದಲನೆಯವನು ಟ್ವಿ ಭಾಷೆಯ ವ್ಯಾಕರಣ, ಗಾದೆಗಳ ಸಂಗ್ರಹ, ನಿಘಂಟುಗಳನ್ನು ರಚಿಸಿದನು. ಎರಡನೆಯವನ ನಿಘಂಟು 1894ರಲ್ಲಿ ಹೊರಬಂದು ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಆದರೆ ಇಬ್ಬರ ಕೆಲಸದ ಸ್ವರೂಪ ಒಂದೇ ಅಲ್ಲ. ಕಿಟೆಲ್ ಬಂದದ್ದು ಕವಿಗಳೂ ವೈಯಾಕರಣರೂ ಆಗಿಹೋಗಿದ್ದ ನುಡಿಗೆ. ಅವನು ಕೇಶಿರಾಜನನ್ನೂ ನಾಗವರ್ಮನನ್ನೂ ಅಚ್ಚಿಗೆ ಸಿದ್ಧಪಡಿಸಿದನು. ಅವನ ಹಿರಿಯ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನು ಮುದ್ರಿಸಿದನು. ಹಳ್ಳಿಗಳಲ್ಲಿ ಐಗಳ ಮಠಗಳಿದ್ದುವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿದ ಮಕ್ಕಳಿದ್ದರು. ಮಿಷನ್ ಶಾಲೆ ಈ ನಾಡಿಗೆ ಹೊಸ ಪಾಠಗಳನ್ನೂ ಹೊಸ ಬಗೆಯ ಪುಸ್ತಕವನ್ನೂ ತಂದಿತು, ಅಕ್ಷರವನ್ನೇ ತರಲಿಲ್ಲ. ಇಗ್ಬೊ ಹಳ್ಳಿಯಲ್ಲಾದರೋ ಬರಹವೆಂಬುದೇ ಪಾದ್ರಿಯ ಪೆಟ್ಟಿಗೆಯಲ್ಲಿ ಬಂದಿತು. ಅಕ್ಷರವೂ ದೇವರೂ ಒಂದೇ ಕೈಯಿಂದ ಬಂದಾಗ ಒಂದನ್ನು ಪಡೆದು ಇನ್ನೊಂದನ್ನು ಬೇಡವೆನ್ನುವುದು ಹೇಗೆ? ಅಚಿಬೆಯವರ ಕಾದಂಬರಿಗಳ ಸಂಕಟ ಹುಟ್ಟುವುದು ಇಲ್ಲಿ. ಈ ಭೇದವನ್ನು ಮರೆತು ಅವುಗಳನ್ನು ಭಾರತದ ಸ್ಥಿತಿಯ ಪಡಿಯಚ್ಚೆಂದು ಓದುವ ಅಭ್ಯಾಸ ಅಷ್ಟೊಂದು ಹಿತಕರವಲ್ಲ.

‘ಆ್ಯರೋ ಆಫ್ ಗಾಡ್’ನಲ್ಲಿ ಇದೇ ಪ್ರಶ್ನೆಯನ್ನು ಹಿಡಿದವನು ಸ್ವತಃ ಅರ್ಚಕ. ಉಲು ದೇವತೆಯ ಮಹಾಪೂಜಾರಿ ಎಜೆಉಲು ತನ್ನ ಮಗ ಒಡುಚೆಯನ್ನು ಚರ್ಚಿನ ಶಾಲೆಗೆ ಕಳುಹಿಸುವುದು ನಂಬಿಕೆಯಿಂದಲ್ಲ. ಅಲ್ಲಿ ತನ್ನ ಕಣ್ಣಾಗಿರಲೆಂದು. ಅಕ್ಷರ ತೆಗೆದುಕೊಂಡು ಬಾ, ಉಳಿದುದನ್ನು ಅಲ್ಲಿಯೇ ಬಿಡು ಎಂಬ ಲೆಕ್ಕ. ಶಾಲೆ ಈ ಲೆಕ್ಕಕ್ಕೆ ಒಪ್ಪುವಂಥದಲ್ಲ. ಬೇರೆ ಸೀಮೆಯಿಂದ ಬಂದ ಗುಡ್‌ಕಂಟ್ರಿ ಎಂಬ ಉತ್ಸಾಹಿ ಉಪದೇಶಿ, ಪವಿತ್ರವಾದ ಹೆಬ್ಬಾವನ್ನು ಕೊಲ್ಲುವಂತೆ ಹುಡುಗರನ್ನು ಹುರಿದುಂಬಿಸುತ್ತಾನೆ. ಒಡುಚೆ ಕೊಲ್ಲಲಾರ, ಕೊಲ್ಲದಿರಲಾರ. ಕೊನೆಗೆ ಹಾವನ್ನು ತನ್ನ ಮರದ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯುತ್ತಾನೆ. ಉಸಿರುಕಟ್ಟಿ ಸತ್ತರೆ ತಾನು ಕೊಂದಂತಾಗಲಿಲ್ಲವೆಂಬ ಬಾಲಿಶ ಸಮಾಧಾನ. ಪೆಟ್ಟಿಗೆ ಅಲುಗಾಡುವುದನ್ನು ಕಂಡು ಮನೆಯವರು ಬೆಚ್ಚುತ್ತಾರೆ. ಶಾಲೆಗೂ ಮನೆಗೂ ನಡುವೆ ಸಿಕ್ಕಿದ ಮಗುವಿನ ಮನಸ್ಸಿಗೆ ಇದಕ್ಕಿಂತ ಒಪ್ಪುವ ಪ್ರತಿಮೆ ಸಿಕ್ಕುವುದು ಕಷ್ಟ. ಅದನ್ನು ಅಚಿಬೆ ಪ್ರತಿಮೆಯಂತೆ ಬರೆದಿಲ್ಲ, ಮನೆಯೊಂದರ ಬೆಳಗಿನ ಗಲಾಟೆಯಂತೆ ಬರೆದಿದ್ದಾರೆ. ಹೆಬ್ಬಾವಿನ ಪರವಾಗಿ ಗುಡ್‌ಕಂಟ್ರಿಯೊಡನೆ ವಾದಿಸುವವನು ಊರಿನ ಮೊದಲ ಕ್ರೈಸ್ತ, ಬಡಗಿ ಮೋಸೆಸ್ ಎಂಬುದನ್ನೂ ಮರೆಯಬಾರದು. ಬೈಬಲಿನಲ್ಲಿ ಹೆಬ್ಬಾವನ್ನು ಕೊಲ್ಲಲು ಎಲ್ಲಿಯೂ ಹೇಳಿಲ್ಲವೆಂದು ಗುರುವಿಗೇ ಪಾಠ ಹೇಳುವಷ್ಟು ಅವನು ಓದಿಕೊಂಡಿದ್ದಾನೆ.

ಕಾದಂಬರಿಯ ಕೊನೆ ಇನ್ನೂ ಕಠೋರವಾದುದು. ಸರ್ಕಾರದವರು ತನ್ನನ್ನು ದೂರದ ಊರಿನಲ್ಲಿ ತಡೆದಿಟ್ಟಿದ್ದರಿಂದ ತಿಂಗಳ ಲೆಕ್ಕ ತಪ್ಪಿತೆಂದು ಎಜೆಉಲು ಹೊಸ ಗೆಡ್ಡೆಯ ಹಬ್ಬವನ್ನು ಸಾರಲೊಲ್ಲನು. ಹಬ್ಬವಾಗದೆ ಗೆಡ್ಡೆ ಕೀಳುವಂತಿಲ್ಲ. ಹೊಲದಲ್ಲಿ ಬೆಳೆ, ಮನೆಯಲ್ಲಿ ಹಸಿವು. ಆಗ ಗುಡ್‌ಕಂಟ್ರಿ ಸಾರುತ್ತಾನೆ: ಚರ್ಚಿನ ಸುಗ್ಗಿಹಬ್ಬಕ್ಕೆ ಒಂದು ಗೆಡ್ಡೆ ಕೊಟ್ಟವರಿಗೆ ಉಲುವಿನ ಕೋಪ ತಟ್ಟದು. ಜನ ಬರುತ್ತಾರೆ. ಹಸಿದವರ ಮುಂದೆ ಬಾಗಿಲು ತೆರೆಯುವುದು ಕರುಣೆಯೋ, ಹಸಿವನ್ನೇ ಬಾಗಿಲನ್ನಾಗಿ ಮಾಡಿಕೊಳ್ಳುವುದು ಚಾತುರ್ಯವೋ? ಅನ್ನದಾನವನ್ನು ಶರತ್ತಿಲ್ಲದ ದಾಸೋಹವೆಂದು ಭಾವಿಸುವವರಿಗೆ ಉತ್ತರ ಸುಲಭವಾಗಿ ಹೊಳೆಯಬಹುದು. ಅಚಿಬೆಯವರು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಾಗಿಲನ್ನು ಮುಚ್ಚಿದವನು ಪಾದ್ರಿಯಲ್ಲ, ತನ್ನ ದೇವರ ಹೆಸರಿನಲ್ಲಿ ಹಠ ಹಿಡಿದ ಪೂಜಾರಿ. ಮೂರು ಕಾದಂಬರಿಗಳಲ್ಲಿ ಇದೇ ಶ್ರೇಷ್ಠವಾದುದೆಂಬ ಮಾತಿನಲ್ಲಿ ಸತ್ಯವಿದೆ.

ಆದರೆ ಶಾಲೆಯ ಕಥೆ ಮುಗಿಯುವುದು ಎರಡನೆಯದಾಗಿ ಪ್ರಕಟವಾದ ‘ನೋ ಲಾಂಗರ್ ಅಟ್ ಈಸ್’ನಲ್ಲಿ. ಇದು ಸಾಮಾನ್ಯವಾಗಿ ಸಪ್ಪೆಯೆನಿಸಿಕೊಂಡ ಕೃತಿ. ಲಾಗೋಸ್ ನಗರದ ಭಾಗಗಳನ್ನು ಓದುವಾಗ ಹಾಗೆನಿಸುವುದೂ ಸಹಜ. ಅದರ ನಾಯಕ ಒಬಿ, ಒಕೊಂಕ್ವೊನ ಮೊಮ್ಮಗ. ಊರವರ ಸಂಘ ಹಣ ಕೂಡಿಸಿ ಇಂಗ್ಲೆಂಡಿಗೆ ಕಳುಹಿಸಿ ಓದಿಸಿದ ಪದವೀಧರ. ಅವನು ಸೇರುವುದು ವಿದ್ಯಾರ್ಥಿವೇತನ ಹಂಚುವ ಸರ್ಕಾರಿ ಮಂಡಲಿಯಲ್ಲಿ. ಕೊನೆಗೆ ಸಿಕ್ಕಿಬೀಳುವುದು ಲಂಚದಲ್ಲಿ. ಬ್ರೌನ್ ಮನೆಮನೆಗೆ ಹೋಗಿ ಬೇಡಿ, ಬನಿಯನ್ನು ಟವಲು ಕೊಟ್ಟು ಕರೆತಂದ ವಿದ್ಯೆ ಎರಡು ತಲೆಮಾರಿನಲ್ಲಿ ಲಂಚ ಕೊಟ್ಟು ಕೊಳ್ಳಬೇಕಾದ ಸರಕಾಗಿದೆ. ಈ ವ್ಯಂಗ್ಯಕ್ಕಿಂತಲೂ ಆಳವಾದುದು ಒಬಿಯ ತಂದೆಯ ಚಿತ್ರ. ನಿವೃತ್ತನಾದ ಮುದಿ ಉಪದೇಶಿ ಇಸಾಕ ಒಕೊಂಕ್ವೊ ಬೇರೆ ಯಾರೂ ಅಲ್ಲ, ಮೊದಲ ಕಾದಂಬರಿಯ ನ್ವೋಯೆ.

ಅವನ ಕೋಣೆ ಕಾಗದದಿಂದ ತುಂಬಿಹೋಗಿದೆ. ಜಿರಳೆ ತಿಂದ ಬೈಬಲು, ಎಂದೋ ಕಲಿಸಿದ ಲೆಕ್ಕದ ಪುಸ್ತಕ, ಭಾನುವಾರದ ಪಾಠದ ಹಾಳೆಗಳು. ಬರೆದ ಕಾಗದವನ್ನು ಅವನು ಎಂದೂ ಹರಿದವನಲ್ಲ, ಸುಟ್ಟವನಲ್ಲ. ಹೆಂಗಸರು ಉಲಿ ರಸದಿಂದ ಮೈಮೇಲೆ ಬರೆದುಕೊಳ್ಳುವ ಚಿತ್ತಾರ ಕೆಲವೇ ದಿನಗಳಲ್ಲಿ ಮಾಸಿಹೋಗುತ್ತದೆ. ಎಂದಿಗೂ ಮಾಸದ ಉಲಿಯೊಂದಿದೆಯೆಂದು ಹಿರಿಯರು ಹೇಳುತ್ತಿದ್ದರು, ಕಂಡವರಿರಲಿಲ್ಲ. ಬಿಳಿಯರ ಬರಹವೇ ಆ ಉಲಿ ಎಂದು ಮಗನಿಗೆ ವಿವರಿಸುತ್ತಾನೆ. ಬರೆದದ್ದು ಬರೆದದ್ದೇ ಎಂದ ಪಿಲಾತನ ಮಾತು ಅವನಿಗೆ ಸಾಕ್ಷಿ. ಇಡೀ ಕೃತಿಯಲ್ಲಿ ಇಷ್ಟು ಸುಂದ��ವಾದ ಮಾತು ಇನ್ನೊಂದಿಲ್ಲ. ಅಷ್ಟೇ ಭಯಂಕರವೂ ಹೌದು. ಅಕ್ಷರವನ್ನು ಕೊಂಡಾಡಲು ಕೂಡ ಅವನಿಗೆ ಒದಗಿಬಂದದ್ದು ತಾಯಂದಿರ ಮೈಮೇಲಿನ ಚಿತ್ತಾರವೇ.

ಇದೇ ಇಸಾಕ, ಮಗ ಕ್ಲಾರಳೆಂಬ ಒಸು ಕನ್ಯೆಯನ್ನು ಮದುವೆಯಾಗುವೆನೆಂದಾಗ ಒಪ್ಪುವುದಿಲ್ಲ. ಒಸುತನ ಜನರ ಮನಸ್ಸಿನಲ್ಲಿ ಕುಷ್ಠದಂತಿದೆ, ಮುಂದಿನ ಸಂತಾನದ ಹಣೆಗೆ ಅದನ್ನು ಅಂಟಿಸಬೇಡ ಎಂದು ಬೇಡಿಕೊಳ್ಳುತ್ತಾನೆ. ಅದಕ್ಕೆ ಬೈಬಲಿನ ನಾಮಾನನ ಉದಾಹರಣೆಯನ್ನೂ ಕೊಡುತ್ತಾನೆ. ಕಿಯಾಗ ಜಡೆ ಬೋಳಿಸಿ ಒಳಗೆ ಕರೆದ ಜನ ಚರ್ಚಿನ ಪಂಕ್ತಿಯಲ್ಲಿ ಕುಳಿತಿದ್ದಾರೆ, ಮನೆಯ ಪಂಕ್ತಿಗೆ ಇನ್ನೂ ಬಂದಿಲ್ಲ. ಅಚಿಬೆಯವರು ಅವನನ್ನು ಕಪಟಿಯೆಂದು ಹೀಯಾಳಿಸಿಲ್ಲ. ಆಮೇಲೆ ಅವನು ಮಗನಿಗೆ ತಾನು ಮನೆಬಿಟ್ಟ ಕಥೆಯನ್ನು, ಇಕೆಮೆಫುನನ ಕೊಲೆಯನ್ನು, ತಂದೆಯ ಶಾಪವನ್ನು, ತಂದೆ ಸತ್ತಾಗಲೂ ಊರಿಗೆ ಹೋಗದೆ ಉಳಿದುದನ್ನು ಹೇಳುತ್ತಾನೆ. ಅಷ್ಟನ್ನು ತೆತ್ತು ಬಂದವನು ಇಷ್ಟನ್ನು ಮಾತ್ರ ದಾಟಲಾರದೆ ನಿಂತಿದ್ದಾನೆ.

ವಿಮರ್ಶಕರು ಬಹುಮಟ್ಟಿಗೆ ಕೈಬಿಟ್ಟಿರುವ ಇನ್ನೊಂದು ಎಳೆ ಈ ಕೃತಿಯಲ್ಲಿದೆ. ಇಸಾಕನ ಹೆಂಡತಿ ಹ್ಯಾನಾ ಮೊದಮೊದಲು ಹೆಣ್ಣುಮಕ್ಕಳಿಗೆ ಜನಪದ ಕಥೆಗಳನ್ನು ಹೇಳುತ್ತಿದ್ದಳು. ಇಸಾಕ ನಿಷೇಧಿಸಿದ: ಅವು ಅಜ್ಞಾನಿಗಳ ಕಥೆಗಳು, ಚರ್ಚಿನವರಿಗೆ ಸಲ್ಲದು. ಅವಳು ಸುಮ್ಮನಾದಳು. ತಾಯಿಯ ಆಮೆ ಹಕ್ಕಿಗಳ ಕಥೆಗಾಗಿ ಹಂಬಲಿಸಿದ, ಆ ಹಂಬಲವನ್ನು ತಂದೆಯ ಮುಂದೆ ಮುಚ್ಚಿಟ್ಟುಕೊಂಡ, ಕೊನೆಗೆ ಹಾಡೊಂದರ ಕಾವ್ಯಕ್ಕೆ ಸೋತು ಮನೆಬಿಟ್ಟ ಬಾಲಕ ನ್ವೋಯೆ, ಈಗ ತನ್ನ ಮನೆಯಲ್ಲಿ ತಾಯಿಯ ಬಾಯಿಯಿಂದ ಕಥೆಯನ್ನು ನಿಲ್ಲಿಸಿದ ತಂದೆಯಾಗಿದ್ದಾನೆ. ಅಚಿಬೆಯವರು ಎರಡು ಕಾದಂಬರಿಗಳ ನಡುವಿನ ಈ ಸಂಬಂಧವನ್ನು ಒಂದು ಮಾತಿನಿಂದಲೂ ಸೂಚಿಸಿಲ್ಲ. ಒಕೊಂಕ್ವೊ ಮಗನ ಮೃದುತ್ವವನ್ನು ಹೊಡೆದು ಹೊರಗಟ್ಟಲು ನೋಡಿದ, ಆಗಲಿಲ್ಲ. ಶಾಲೆ ಹೊಡೆಯದೆಯೇ ಆ ಕೆಲಸವನ್ನು ಮಾಡಿಮುಗಿಸಿತು. ಮಿಷನ್ ಶಾಲೆಯನ್ನು ಕುರಿತು ಹೊರಿಸಬಹುದಾದ ಆರೋಪಗಳಲ್ಲೆಲ್ಲ ಇದು ಹೆಚ್ಚು ತೂಕವಾದುದು.

ಆದರೆ ಆ ಶಾಲೆಯೂ ಒಂದೇ ಮುಖದ್ದಲ್ಲ. ಒಬಿ ಕಲಿಯುತ್ತಿದ್ದ ತರಗತಿಯಲ್ಲಿ ವಾರಕ್ಕೊಮ್ಮೆ ಮಕ್ಕಳಿಂದ ಜನಪದ ಕಥೆ ಹೇಳಿಸುವ ಪಾಠವಿತ್ತು. ಮನೆಯಲ್ಲಿ ಉಪದೇಶಿ ಮುಚ್ಚಿದ ಬಾಗಿಲನ್ನು ಶಾಲೆಯ ಮಾಸ್ತರನೇ ತೆರೆದಿದ್ದನು! ಒಂದು ದಿನ ಒಬಿಯನ್ನು ಎಬ್ಬಿಸಿ ನಿಲ್ಲಿಸಿದರು. ಕಥೆ ಆರಂಭಿಸುವ ವಾಡಿಕೆಯ ಮಾತು ಬಾಯಿಗೆ ಬಂತು, ಮುಂದೆ ಏನೂ ಬರಲಿಲ್ಲ. ತುಟಿ ನಡುಗಿತು, ತರಗತಿ ನಕ್ಕಿತು. ಹುಡುಗ ಅಳುತ್ತ ಮನೆಗೆ ಬಂದು ತಾಯಿಗೆ ಹೇಳಿದನು. ಅಪ್ಪ ಸಂಜೆಯ ಪ್ರಾರ್ಥನಾಕೂಟಕ್ಕೆ ಹೋಗುವವರೆಗೆ ತಾಳಿಕೋ ಎಂದಳು ಹ್ಯಾನಾ. ಕೆಲವು ವಾರಗಳ ಮೇಲೆ ಮತ್ತೆ ಸರದಿ ಬಂದಾಗ ಒಬಿ ಎದ್ದು ನಿಂತು ಕಥೆ ಹೇಳಿದನು. ಕೊನೆಯಲ್ಲಿ ತಾಯಿ ಹೇಳದಿದ್ದ ಮಾತೊಂದನ್ನು ತಾನೇ ಸೇರಿಸಿದನು. ಎಲ್ಲರೂ ನಕ್ಕರು, ಈ ಸಲ ಕಥೆಗೆ.